ಸಾವಕಾಶ

ಹಡಗಿನ ಹೊಟ್ಟಿ ಕೆಳಗ ಕುಂತು
ಹನ್ನೊಂದು ವರ್ಷ ತುಕ್ಕು ಬಡದವ ನಾನು,
ವಾಸ್ಕೋದ ಡಾಕ್‌ನಾಗ,
ತಲಿ ಮ್ಯಾಲ ಕಬ್ಬಿಣ, ಕಿವಿಯೊಳಗ ಹತ್ತಿ,
ಕೈಯಾಗ ಎರಡು ಬಾಯಿಯ ಸುತ್ತಿಗಿ.
ಮುಷ್ಟಿ ಅಂದಿನಿಂದ ಮುಷ್ಟಿನೇ.
ರೊಟ್ಟಿ ಮುರಿಯೂವಾಗ ಅಷ್ಟು ಬಿಚ್ಚತೈತಿ.

ಇನಾಸ್ ಬಾಬ್‌ನ ಕಿಟಕಿ ಸರಳಿಗೆ ಬಣ್ಣ ಹಚ್ಚಾಕ ಹೋದವ
ಚಾದರ ಹೊದ್ದು ಕುಂತಿದ್ದ ಡ್ರಮ್ ನೋಡಿ
ಕೂಲಿ ಬ್ಯಾಡ, ಇದನ್ನ ಕಲಸ್ರಿ ಅಂದೆ.
ಮೂವತ್ತಾರರ ಗಂಡಸು, ಹಂಗ್ಯಾಕ ಕೇಳಿದೆನೋ.
ಆತ ನನ್ನ ಮಾರಿ ನೋಡಲಿಲ್ಲ, ಅಂಗೈ ನೋಡಿದ.
ಎರಡು ಕೋಲು ಕೊಟ್ಟ. "ಬಡಿ."
ಬಡದೆ.
ಅಂಗಳದ ಕೋಳಿ ಗ್ವಾಡಿ ಏರಿತು.
ಮಗ್ಗಲ ಮನಿ ಮುದುಕಿ ಎದಿ ಮ್ಯಾಲ ಶಿಲುಬಿ ಗೀರಿ
ಧಡ್ ಅಂತ ಕಿಟಕಿ ಹಾಕಿದಳು.
"ಯಾರನ್ನ ಎಬ್ಬಸಾಕತ್ತೀ?" ಅಂದ ಇನಾಸ್ ಬಾಬ್.
"ಇದು ಬಾಗಿಲ ಅಲ್ಲ."

ಮೂರು ತಿಂಗಳು ಡ್ರಮ್ ಮುಟ್ಟಗೊಡಲಿಲ್ಲ.
ಹಲಗಿಗೆ ಲಾರಿ ಟೈರಿನ ತುಂಡು ಜಡದು
ಬೈನಾದ ತಗಡಿನ ಖೋಲಿಯೊಳಗ ರಾತ್ರಿ
ಬಲ ಎಡ, ಬಲ ಎಡ,
ಬಲ ಬಲ, ಎಡ ಎಡ.
ಮೊಬೈಲಿನ ಟಿಕ್‌ಟಿಕ್ ನಿಮಿಷಕ್ಕ ಅರವತ್ತು.
ನಾ ಯಾವತ್ತೂ ಅದರ ಮುಂದ,
ಬಸ್ ತಪ್ಪೀತು ಅನ್ನವರ ಹಂಗ.
ರೆಕಾರ್ಡ್ ಮಾಡಿ ಕೇಳಿದೆ ಒಮ್ಮೆ:
ಯಾರೋ ಜಲ್ಲಿ ಇಳಸಾಕತ್ತಿದ್ದರು.

"ಸಾವಕಾಶ," ಅಂತಿದ್ದ ಆತ.
ಅವನ ಕೊಂಕಣಿಯಾಗೂ ಐತಿ, ನನ್ನ ಬಾಗಲಕೋಟಿಯಾಗೂ ಐತಿ.
ನಮ್ಮಿಬ್ಬರಿಗೂ ಪೂರಾ ತಿಳಿಯೂ ಮಾತು ಅದೊಂದ;
ಉಳಿದದ್ದು ಹರಕು ಹಿಂದಿ.

ಎಡಗೈಗೆ ಬ್ಯಾರೆ ಸಾಲಿ:
ಹಲ್ಲು ಅದ ತಿಕ್ಕಬೇಕು, ಬೀಗ ಅದ ತಗೀಬೇಕು,
ಚಾದ ಕಪ್ಪು ಅದ ಎತ್ತಬೇಕು.
ಅಂಗಿ ಮ್ಯಾಲ ಚಾ ಬಿದ್ದಾಗ ಶಾವಂತ್ರಿ ಅಂದಳು,
"ಒಗಿಯೂದೂ ಅದ ಕೈಲೆ ಆಗಲಿ."

ಒಂದು ಬುಧವಾರ, ಬಾರ್ಜಿನ ತಳ.
ತಗಡು ಎಲ್ಲಿ ತೆಳ್ಳಗಾಗೇತಿ, ಬಡದು ಹೇಳು ಅಂದ ಮುಕಾದಮ.
ಕಿವಿಯ ಹತ್ತಿ ತಗದೆ.
ಗಟ್ಟಿ ತಗಡು ಠಣ್ ಅಂತೈತಿ, ಸತ್ತದ್ದು ಧಪ್.
ಠಣ್ ಅಂದಲ್ಲಿ ಸುತ್ತಿಗಿ ತಾನ ಮ್ಯಾಲಕ್ಕ ಜಿಗೀತಿತ್ತು.
ಹನ್ನೊಂದು ವರ್ಷ ಅದನ್ನ ಜಗ್ಗಿ ಕೆಳಗ ಹಿಡದಿದ್ದೆ,
ಮೊಲಿಗೆ ಓಡೂ ಕರುವಿನ ಹಂಗ.
ಅವತ್ತ ಬಿಟ್ಟೆ.
ಎರಡು ಬೆರಳು ಸಾಕಾದವು.
ಸಂಜಿಕ ಮಣಿಕಟ್ಟು ನೋಯಲಿಲ್ಲ.

ಐತವಾರ. ಬಂದರದ ಕಲ್ಲಿದ್ದಲ ಧೂಳು
ಡ್ರಮ್ಮಿನ ಬಿಳಿ ತೊಗಲ ಮ್ಯಾಲ ಕುಂತಿತ್ತು.
ಒರಸಬ್ಯಾಡ, ಬಡಿ ಅಂದ.
ಬಡದಲ್ಲೆಲ್ಲ ಗುರುತು ಮೂಡತಾವು:
ಮೊದಲೆಲ್ಲ ಕೋಳಿ ಕೆದರಿದ ತಿಪ್ಪಿ,
ಅವತ್ತ ಅಂಗೈಯಷ್ಟು ಜಾಗಾ,
ಹೊರಗ ನಾಕು ಚುಕ್ಕಿ, ನಾಕೂ ಎಡಗೈವು.
ಕೋಲು ವಾಪಸ್ ಹೊಂಟಾಗ ತೊಗಲು ಬಾಯಿ ತಗೀತು,
ಖೋಲಿ ಮೂಲಿಯ ಮೇಣಬತ್ತಿ ಸ್ಟ್ಯಾಂಡೂ
ಸಣ್ಣಗ ಗುಂಯ್ ಅಂತು.

ಇನಾಸ್ ಬಾಬ್ ಚಾವಿ ತಂದ.
ಸುತ್ತ ಎಂಟು ತಿರುಪು. ಒಂದನ್ನ ಬಿಗದರ
ಎದುರಿಂದನ್ನ ಬಿಗೀಬೇಕು, ಮಗ್ಗಲದ್ದನ್ನಲ್ಲ.
ಅಂಚಿಗೆ ಬೆರಳಿಲೆ ತಟ್ಟತ ಹೊಂಟ,
ಎಡಗಿವಿ ಹೊರಳಿಸಿ, ತೊಗಲಿಗೆ ಗಲ್ಲ ಹಚ್ಚಿ.
ಬಲಗಿವಿ ಹಡಗಿನ ಬ್ಯಾಂಡಿನಾಗ
ಹಿತ್ತಾಳಿ ತಾಳದ ಬಾಜೂಕ ಕುಂತ ಕಳೀತಂತ.
"ಸರಿ," ಅಂದ.
ಸರಿ ಇರಲಿಲ್ಲ. ಐದನೇದು ಧಪ್ ಅಂತಿತ್ತು,
ಒಳಗ ತುಕ್ಕು ತಿಂದ ತಗಡಿನ ಹಂಗ.
ಹೇಳಲೋ ಬ್ಯಾಡೋ.
ಸುಮ್ಮನ ಬೆರಳು ಅದರ ಮ್ಯಾಲ ಇಟ್ಟೆ.
ಆತ ನನ್ನ ಬೆರಳು ನೋಡಿದ, ಬಾಳ ಹೊತ್ತು.
ಚಾವಿ ನನ್ನ ಎಡಗೈಯಾಗ ಇಟ್ಟು
ಚಾ ಮಾಡಾಕ ಒಳಗ ಹೋದ.

ನಾಕನೇ ಪೆಟ್ಟಿಗೆ ಇನ್ನೂ ಅವಸರ ಮಾಡತೇನಿ.
ಎಡಗೈ ಕೂದಲೆಳಿಯಷ್ಟು ಹಿಂದ.
ಮಗ್ಗಲ ಮನಿ ಮುದುಕಿ
ಈಗೂ ಕಿಟಕಿ ಹಾಕತಾಳ,
ಆದರ ಸಾವಕಾಶ.